ಹೂಂಗುಟ್ಟುವಿಕೆಯ ಮೀಮಾಂಸೆ: ಪೋರ್ವೋ ಪಟ್ಟಣದ ಒಂದು ಖಾಸಗಿ ದಿನವನ್ನು ಕುರಿತು

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯವೇನು, ಅಧಿಕಾರಿ ಯಾರು, ಪ್ರಯೋಜನವೇನು, ಸಂಬಂಧವೇನು ಎಂಬ ನಾಲ್ಕು. ಪ್ರಸ್ತುತ ಗ್ರಂಥದ ವಿಷಯ, ಫಿನ್ಲೆಂಡ್ ದೇಶದ ಪೋರ್ವೋ ಎಂಬ ಹಳೆಯ ಪಟ್ಟಣಕ್ಕೆ ಖಾಸಗಿ ಗೈಡನ್ನು ಇಟ್ಟುಕೊಂಡು ಒಂದು ದಿನದ ಮಟ್ಟಿಗೆ ಹೋಗಿಬರುವುದು. ಅಧಿಕಾರಿ, ಹೆಲ್ಸಿಂಕಿಯ ಪಕ್ಕದ ಎಸ್ಪೋದಲ್ಲಿ ಮಗಳು ಅಳಿಯ ಇರುವವನು. ಪ್ರಯೋಜನ, ಗ್ರಂಥ ಮುಗಿಯುವುದರೊಳಗೆ ಗೊತ್ತಾದರೆ ತಿಳಿಸಲಾಗುವುದು. ಸಂಬಂಧ, ಬೀಗತನ.

ಈ ನಾಲ್ಕನೆಯದನ್ನು ಬಿಡಿಸಿ ಹೇಳದಿದ್ದರೆ ಮುಂದಿನ ವಾದ ನಿಲ್ಲುವುದಿಲ್ಲ. ವ್ಯಾನಿನಲ್ಲಿದ್ದವರು ನಾನು, ನಮ್ಮ ಮನೆಯಾಕೆ, ಅಳಿಯನ ತಂದೆ ಮತ್ತು ತಾಯಿ. ನಾನು ಹೆಣ್ಣು ಕೊಟ್ಟ ಕಡೆಯವನು. ಬೀಗರು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಇಸವಿ ಇಲ್ಲದ ಮಾತನ್ನು ಅವರು ಮಾತೆಂದೇ ಒಪ್ಪುವುದಿಲ್ಲ. ಅಳಿಯನಿಗೆ ಅವತ್ತು ರಜೆ ಸಿಕ್ಕಲಿಲ್ಲ. “ನೀವು ನಾಲ್ಕೂ ಜನ ಆರಾಮಾಗಿ ಹೋಗಿಬನ್ನಿ ಮಾವ, ಪ್ರೈವೇಟ್ ಗೈಡೆಡ್ ಡೇ ಟ್ರಿಪ್ ಬುಕ್ ಮಾಡಿದೀನಿ” ಎಂದ. ಈ ವಾಕ್ಯದಲ್ಲಿ ‘ಆರಾಮಾಗಿ’ ಎಂಬುದು ಪ್ರಕ್ಷಿಪ್ತ ಪಾಠವೆಂದು ಈಗ ನನ್ನ ಖಚಿತ ಅಭಿಪ್ರಾಯ. ಉಳಿದ ಪದಗಳ ಅರ್ಥವನ್ನು ವಿಚಾರಿಸೋಣ.

‘ಡೇ’ ಎಂದರೆ ದಿನ. ದಿನವೆಂದರೆ ಎಷ್ಟು? ನಾವು ಹೋದದ್ದು ಜೂನ್ ಕೊನೆಯ ವಾರ. ಆಗ ಹೆಲ್ಸಿಂಕಿಯಲ್ಲಿ ಸೂರ್ಯ ಬೆಳಗಿನ ಜಾವ ನಾಲ್ಕಕ್ಕೆ ಮುಂಚೆಯೇ ಎದ್ದು ರಾತ್ರಿ ಹತ್ತೂವರೆ ದಾಟಿದ ಮೇಲೆ ಮುಳುಗುತ್ತಾನೆ. ಹಗಲು ಸುಮಾರು 19 ಗಂಟೆ. ನಮ್ಮ ಟ್ರಿಪ್ಪು ಐದು ಗಂಟೆಯದು. ಅಂದರೆ ಕೊಟ್ಟಿದ್ದು ಕಾಲು ದಿನ. ಅದೇ ಡಿಸೆಂಬರಿನಲ್ಲಿ ಅಲ್ಲಿಯ ಹಗಲು ಆರು ಗಂಟೆಯೂ ಇರುವುದಿಲ್ಲ. ಆಗ ಇದೇ ಐದು ಗಂಟೆ ಹೆಚ್ಚುಕಡಿಮೆ ಪೂರ್ಣ ದಿನವಾಗುತ್ತದೆ. ಕೊಟ್ಟ ಕಾಸಿಗೆ ತಕ್ಕ ದಿನ ಬೇಕೆನ್ನುವವರು ಮೈನಸ್ ಹತ್ತು ಡಿಗ್ರಿಯಲ್ಲಿ ಹೋಗತಕ್ಕದ್ದು. ಈ ಲೆಕ್ಕವನ್ನು ನಾನು ಬೀಗರಿಗೆ ಹೇಳಿದೆ. ಅವರು “ಹೂಂ” ಎಂದರು. ಅವತ್ತಿನ ಮಟ್ಟಿಗೆ ಅವರಿಂದ ಬಂದ ಹೂಂ ಅದೊಂದೇ. ಮಿಕ್ಕಿದ್ದೆಲ್ಲ ನನ್ನ ಪಾಲಿಗೆ ಬಂತು, ಮತ್ತು ಈ ಗ್ರಂಥ ಹುಟ್ಟಿದ್ದೇ ಅದರಿಂದ.

ಈಗ ‘ಪ್ರೈವೇಟ್’. ಪೂರ್ವಪಕ್ಷದವರು ಹೇಳುತ್ತಾರೆ: ಖಾಸಗಿ ಎಂದಮೇಲೆ ಗೈಡು ನಮ್ಮ ಸ್ವತ್ತು, ನಾವು ನಿಂತಲ್ಲಿ ನಿಲ್ಲುತ್ತಾಳೆ, ಕೇಳಿದ್ದಕ್ಕೆ ಹೇಳುತ್ತಾಳೆ. ಇದು ಅನುಭವವಿಲ್ಲದವರ ಮಾತು. ಸಿದ್ಧಾಂತ ಹೀಗಿದೆ: ಖಾಸಗಿ ಟ್ರಿಪ್ಪಿನಲ್ಲಿ ನಾವೇ ಗೈಡಿನ ಸ್ವತ್ತು. ಹೇಗೆಂದರೆ, ಕಥೆ ನಡೆಯುವುದು ಹೇಳುವವರಿಂದಲ್ಲ, ಹೂಂಗುಟ್ಟುವವರಿಂದ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳಿದವರಿಗೆ ಇದು ಗೊತ್ತು. ಹೂಂ ನಿಂತರೆ ರಾಜಕುಮಾರ ಏಳನೆಯ ಸಮುದ್ರದ ಮಧ್ಯೆ ಹಾಗೇ ನಿಂತುಬಿಡುತ್ತಿದ್ದ. ನಲವತ್ತು ಜನರ ಬಸ್ಸಿನಲ್ಲಿ ಈ ಹೊಣೆ ನಲವತ್ತು ಪಾಲಾಗುತ್ತದೆ. ಮುಂದಿನ ಸೀಟಿನ ಒಬ್ಬ ಉತ್ಸಾಹಿ ಎಲ್ಲರ ಪರವಾಗಿ ತಲೆಯಾಡಿಸುತ್ತಾನೆ, ಹಿಂದಿನವರು ಗೊರಕೆ ಹೊಡೆಯಬಹುದು. ನಾಲ್ಕೇ ಜನರಿರುವಲ್ಲಿ ಹೆಂಗಸರಿಬ್ಬರೂ ವ್ಯಾನು ಹೊರಟ ಹತ್ತು ನಿಮಿಷಕ್ಕೆ ನಿದ್ದೆಹೋದರೆ, ಬೀಗರು ಪ್ರಶ್ನೆ ಕೇಳುವುದಕ್ಕಷ್ಟೇ ಬಾಯಿ ಬಿಟ್ಟರೆ, ಉಳಿಯುವವರು ಯಾರು?

ಹೆಲ್ಸಿಂಕಿಯಿಂದ ಪೂರ್ವಕ್ಕೆ ಐವತ್ತು ಕಿಲೋಮೀಟರು. ಇಕ್ಕೆಲದಲ್ಲೂ ಬರ್ಚ್, ಪೈನ್ ಮರಗಳು, ನಡುವೆ ಹೊಲ. ಗೈಡಮ್ಮ ಒಳ್ಳೆಯವಳು, ವಿದ್ಯಾವಂತೆ, ಇಂಗ್ಲಿಷ್ ಸೊಗಸಾಗಿತ್ತು. ಆದರೆ ನಾವು ಏನಾದರೂ ಹೇಳಿದಾಗ ಆಕೆಯ ಬಾಯಿಂದ ಹೊರಡುತ್ತಿದ್ದುದು ಅಪ್ಪಟ ಫಿನ್ನಿಶ್. ಬೀಗರು ತಮ್ಮ ಊರಿನ ಕೋಟೆಯ ಬಗ್ಗೆ ಎರಡು ಮಾತು ಹೇಳಿದರು. ಆಕೆ ಮುಂದಿನ ಸೀಟಿನಿಂದ ತಿರುಗಿ, ಗಂಭೀರವಾಗಿ, “ನೀನ್” ಎಂದಳು. ಬೀಗರು ಮಾತು ನಿಲ್ಲಿಸಿದರು. ಮತ್ತೊಂದು ಮಾತು ಹೇಳಿದರು. “ನೀನ್, ನೀನ್” ಎಂದಳು.

“ಬೀಗರೇ, ಈಯಮ್ಮ ನನ್ನನ್ನ ನೀನು ಅಂತಾಳಲ್ರೀ!”

ವ್ಯಾನಿನೊಳಗೆ ಒಂದು ಸಂಬಂಧವೇ ಮುರಿದುಬೀಳುವ ಹೊತ್ತು. ನಾನು ಮಗಳು ಹೇಳಿಕೊಟ್ಟಿದ್ದ ಅಲ್ಪಸ್ವಲ್ಪ ಭಾಷಾಶಾಸ್ತ್ರದಿಂದ ರಕ್ಷಣೆಗೆ ಇಳಿದೆ. ಫಿನ್ನಿಶ್‌ನಲ್ಲಿ ‘ನೀನ್’ ಅಂದರೆ ‘ಹಾಗೆ’, ‘ಹೌದು ಹೌದು’ ಎಂದರ್ಥ; ಎದುರಿನವರ ಮಾತು ಕಿವಿಗೆ ಬಿತ್ತು ಎನ್ನುವುದಕ್ಕೆ ಅವರು ಬಳಸುವ ಸದ್ದು, ನಮ್ಮ ಹೂಂ ಇದ್ದಂತೆ. ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಪಾಂಡಿತ್ಯದ ಚಪಲ, ಮುಂದುವರಿಸಿದೆ: ‘ನೀನು’ ಎನ್ನುವುದಕ್ಕೆ ಅವರಲ್ಲಿ ‘ಸಿನಾ’ ಎಂಬ ಬೇರೆಯೇ ಪದವಿದೆ, ಬಹುವಚನದ ‘ತೆ’ಯೂ ಇದೆ, ಆದರೆ ಈಗ ಅದನ್ನು ಬಳಸುವವರು ಕಡಿಮೆ, ಮೇಷ್ಟರಿಗೂ ಮಕ್ಕಳು ಏಕವಚನವೇ. ಬೀಗರು ಕನ್ನಡಕ ಸರಿಪಡಿಸಿಕೊಂಡು ತೀರ್ಪು ಕೊಟ್ಟರು: “ಅಂದ್ರೆ ಹೌದು ಅಂತ ಅಂದಿದ್ದೂ ಏಕವಚನದಲ್ಲೇ ಅನ್ನಿ.”

ಇನ್ನೊಂದು ಸಾಕ್ಷ್ಯ. ನಾರ್ಡಿಕ್ ಜನ ‘ಹೌದು’ ಎನ್ನುವಾಗ ಕೆಲವೊಮ್ಮೆ ಉಸಿರನ್ನು ಹೊರಗೆ ಬಿಡದೆ ಒಳಗೆ ಎಳೆದುಕೊಂಡು ಹೇಳುತ್ತಾರೆ. ಫಿನ್ನರ ‘ಯೋ’ ಹೀಗೆಯೇ ಒಳಮುಖವಾಗಿ ಹೋಗುತ್ತದೆ. ನಿದ್ದೆಯಿಂದೆದ್ದ ನಮ್ಮ ಮನೆಯಾಕೆಗೆ ಮೊದಲು ಕೇಳಿಸಿದ್ದೇ ಈ ಸದ್ದು. “ಪಾಪ, ಉಬ್ಬಸ ಇರಬೇಕು” ಎಂದು ಕೈಚೀಲದಿಂದ ವಿಕ್ಸ್ ಡಬ್ಬಿ ತೆಗೆದು ಆಕೆಯ ಮುಂದೆ ಹಿಡಿದಳು. ಗೈಡಮ್ಮ ಅದನ್ನು ಭಾರತೀಯ ಉಡುಗೊರೆಯೆಂದು ಭಾವಿಸಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅದು ವಾಪಸು ಬರಲಿಲ್ಲ. ಸಂಶೋಧನೆಗೆ ಅನುದಾನವಿಲ್ಲದ ಈ ಕಾಲದಲ್ಲಿ ಆ ವೆಚ್ಚವನ್ನು ಲೇಖಕನೇ ಭರಿಸಿದ್ದಾನೆ.

ಊರು ಬಂತು. ಫಿನ್ಲೆಂಡಿನ ಎರಡನೆಯ ಹಳೆಯ ಪಟ್ಟಣ ಇದು, ಮೊದಲನೆಯದು ತುರ್ಕು. ನದಿಯ ದಂಡೆಗೆ ಅಂಟಿಕೊಂಡು ಸಾಲಾಗಿ ಕೆಂಪು ಮರದ ಉಗ್ರಾಣಗಳು, ಹಿಂದೆ ಗುಡ್ಡ ಹತ್ತುವ ಓಣಿಗಳು, ನೆತ್ತಿಯ ಮೇಲೆ ಚರ್ಚು. ಗೈಡಮ್ಮ ಕೈಚಾಚಿದ್ದೇ ತಡ, ಬೀಗರು “ಸ್ಥಾಪನೆ ಯಾವ ಇಸವಿ?” ಎಂದರು. ಬಹಳ ಕಾಲ 1346 ಎಂದು ನಂಬಿದ್ದರು, ಈಗಿನ ಸಂಶೋಧನೆ 1380ರ ಆಸುಪಾಸು ಎನ್ನುತ್ತದೆ ಎಂದಳು. ಬೀಗರ ಮುಖ ಅರಳಿತು. ಕವಿಯೊಬ್ಬನ ಕಾಲವನ್ನು ಕುರಿತು ಇಬ್ಬರು ವಿದ್ವಾಂಸರು ಜೀವಮಾನವಿಡೀ ಕಾದಾಡುವುದನ್ನು ಕಂಡ ನಾಡಿನವರು ನಾವು. 34 ವರ್ಷದ ವ್ಯತ್ಯಾಸ ನಮಗೆ ವ್ಯತ್ಯಾಸವೇ ಅಲ್ಲ. ಆದರೆ ಒಂದೂರು ತನ್ನ ಹುಟ್ಟಿದ ವರ್ಷವನ್ನು ಜಗಳವಿಲ್ಲದೆ ಮುಂದಕ್ಕೆ ಹಾಕಿಕೊಂಡಿದ್ದು ಅವರಿಗೆ ಅನುಮಾನ ತಂದಿತು. “ಸ್ಕೂಲಿಗೆ ಸೇರಿಸೋವಾಗ ವಯಸ್ಸು ಕಮ್ಮಿ ಮಾಡಿ ಬರೆಸೋ ಥರ” ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಎಡಗಡೆ ಅವರಿಗೊಂದು, ಬಲಗಡೆ ಆಕೆಗೊಂದು ಹೂಂ ಕೊಟ್ಟೆ. ಈ ಪ್ರಭೇದವನ್ನು ‘ಉಭಯಾನ್ವಯಿ ಹೂಂ’ ಎಂದು ಕರೆಯಬೇಕೆಂದು ಸೂಚಿಸುತ್ತೇನೆ.

ಕೆಂಪು ಉಗ್ರಾಣಗಳಲ್ಲಿ ಹಿಂದೆ ಹಡಗಿನಿಂದಿಳಿದ ಸರಕು ಇಡುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವ್ ಬರುತ್ತಾನೆಂದು ಬಣ್ಣ ಬಳಿದರು ಎಂಬುದು ಐತಿಹ್ಯ. ಮಂತ್ರಿ ಬರುವ ಹಿಂದಿನ ರಾತ್ರಿ ಸುಣ್ಣ ಬಳಿಯುವ ಕಲೆ ಯಾರೊಬ್ಬರ ಸ್ವತ್ತೂ ಅಲ್ಲವೆಂಬುದಕ್ಕೆ ಇದು ಆಧಾರ. ಆದರೆ ಹೆಂಗಸರನ್ನು ಪೂರ್ತಿ ಎಚ್ಚರಿಸಿದ್ದು ಆ ಬಣ್ಣದ ಪಾಕ. ಕೆಮ್ಮಣ್ಣಿನ ಪುಡಿ, ಅನ್ನಭೇದಿ, ರೈ ಹಿಟ್ಟು, ನೀರು ಸೇರಿಸಿ ದೊಡ್ಡ ಪಾತ್ರೆಯಲ್ಲಿ ಕುದಿಸಿ ಕೈಯಾಡಿಸುತ್ತಾರೆ. ಹಿಟ್ಟಿನ ಗಂಜಿ ಬಣ್ಣವನ್ನು ಮರಕ್ಕೆ ಹಿಡಿಸುತ್ತದೆ. ಮರ ಉಸಿರಾಡುತ್ತದೆ, ಬೇಗ ಕೊಳೆಯುವುದಿಲ್ಲ. ಬೀಗಿತ್ತಿ ಎಷ್ಟು ಹಿಟ್ಟಿಗೆ ಎಷ್ಟು ನೀರು, ಗಂಟಾಗದಂತೆ ಏನು ಮಾಡುತ್ತಾರೆ, ಮೊದಲು ತಣ್ಣೀರಿನಲ್ಲಿ ಕದಡುತ್ತಾರೋ ಎಂದು ವಿಚಾರಿಸಿದರು. ಗೈಡಮ್ಮನ ಜ್ಞಾನ ಅಂದು ಸೋತದ್ದು ಇಲ್ಲಿ. ಬೀಗರ ಇಸವಿಗಳಿಗೆಲ್ಲ ಉತ್ತರವಿದ್ದ ಆಕೆಗೆ ಗಂಜಿಯ ಗಂಟಿಗೆ ಉತ್ತರವಿರಲಿಲ್ಲ.

ಗುಂಡುಕಲ್ಲು ಹಾಸಿದ ಓಣಿ. ಮಂಡಿಯಿದ್ದವರಿಗೆ ಅದರ ವರ್ಣನೆ ಬೇಡ. 1760ರಲ್ಲಿ ಬೆಂಕಿ ಬಿದ್ದು ಊರಿನ ಮೂರರಲ್ಲಿ ಎರಡು ಪಾಲು ಸುಟ್ಟಿತು. ಜನ ಹಳೆಯ ಪಾಯದ ಮೇಲೇ, ಹಳೆಯ ಓಣಿಯ ಡೊಂಕಿನಲ್ಲೇ ಮತ್ತೆ ಮನೆ ಕಟ್ಟಿಕೊಂಡರು. 1830ರ ದಶಕದಲ್ಲಿ, ಹೆಲ್ಸಿಂಕಿಯ ಸೆನೆಟ್ ಚೌಕವನ್ನು ರೂಪಿಸಿದ ಕಾರ್ಲ್ ಲುಡ್ವಿಗ್ ಎಂಗೆಲ್ ಕೈಯಿಂದ ನೇರ ರಸ್ತೆಗಳ ಹೊಸ ನಕ್ಷೆ ಬಂತು, ಹಳೆಯದನ್ನೆಲ್ಲ ಕೆಡವಬೇಕೆಂದಾಯಿತು. ಪಕ್ಕದಲ್ಲಿ ನೇರ ರಸ್ತೆಯ ಹೊಸ ಊರು ಎದ್ದಿತು, ಹಳೆಯದು ಹಾಗೇ ಉಳಿಯಿತು. ಊರಿನವರು ಸರ್ಕಾರಕ್ಕೆ ಹೂಂ ಎಂದು ಹೇಳಿ ಸುಮ್ಮನಿದ್ದುಬಿಟ್ಟಿರಬೇಕು ಎಂಬುದು ನನ್ನ ಊಹೆ. ಇದಕ್ಕೆ ‘ಅನನುಷ್ಠಾನ ಹೂಂ’ ಎಂದು ಹೆಸರು. ಗಂಡಂದಿರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ.

ಗುಡ್ಡದ ಮೇಲಿನ ಚರ್ಚಿನದು ಬೆಂಕಿಯ ವಂಶಾವಳಿ. 1508ರಲ್ಲಿ ಡೇನರು ಸುಟ್ಟರು. 1571, 1590, 1708ರಲ್ಲಿ ರಷ್ಯನ್ನರು. 2006ರ ಮೇ ತಿಂಗಳಲ್ಲಿ ಯಾರೋ ಹುಡುಗ ಬೆಂಕಿಯಿಟ್ಟು ಹೊರಮಾಡು ಕುಸಿಯಿತು. ಒಳಗಿನ ಕಮಾನು ತಡೆದುಕೊಂಡಿದ್ದರಿಂದ ಒಳಭಾಗ ಉಳಿಯಿತು, 2008ರಲ್ಲಿ ಮತ್ತೆ ತೆರೆದರು. ಪ್ರತಿ ಇಸವಿಗೂ ಬೀಗಿತ್ತಿ “ಅಯ್ಯೋ” ಎಂದರು. ಗೈಡಮ್ಮ “ವೊಯ್ ವೊಯ್” ಎಂದಳು. ಅದು ಫಿನ್ನರ ಅಯ್ಯೋ. ವೊಯ್ ಎಂದರೆ ಅವರಲ್ಲಿ ಬೆಣ್ಣೆ ಎಂದೂ ಅರ್ಥ. ಭಾಷಾಂತರವಿಲ್ಲದೆ ಇಬ್ಬರೂ ಐದು ಬೆಂಕಿಗಳನ್ನು ದಾಟಿದರು. ನನ್ನ ಹೂಂಗೆ ಸ್ವಲ್ಪ ಬಿಡುವು ಸಿಕ್ಕಿತು.

ಆದರೆ ಈ ಶಾಸ್ತ್ರದ ಮಹಾವಾಕ್ಯ ಇರುವುದು ಚರ್ಚಿನ ಒಳಗೆ. 1809ರ ಮಾರ್ಚಿನಲ್ಲಿ ರಷ್ಯದ ಚಕ್ರವರ್ತಿ ಮೊದಲನೆಯ ಅಲೆಕ್ಸಾಂಡರ್ ಇಲ್ಲಿಗೆ ಬಂದ. ಶ್ರೀಮಂತರು, ಪಾದ್ರಿಗಳು, ಪಟ್ಟಣಿಗರು, ರೈತರು ಎಂಬ ನಾಲ್ಕು ವರ್ಗಗಳನ್ನು ಕೂಡಿಸಿ, ನಿಮ್ಮ ಧರ್ಮ, ಕಾನೂನು, ಹಕ್ಕು ಹಾಗೇ ಇರುತ್ತವೆ ಎಂದು ಮಾತು ಕೊಟ್ಟ. ಅವರು ನಿಷ್ಠೆಯ ಪ್ರಮಾಣ ಮಾಡಿದರು. ಸ್ವೀಡನ್ ಫಿನ್ಲೆಂಡನ್ನು ಒಪ್ಪಂದದ ಮೇಲೆ ಬಿಟ್ಟುಕೊಟ್ಟಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಅಂದರೆ ಕ್ರಯಪತ್ರ ಆಗುವ ಆರು ತಿಂಗಳ ಮೊದಲೇ ಹೊಸ ಯಜಮಾನ ಬಂದು ಬಾಡಿಗೆದಾರರಿಗೆ ಧೈರ್ಯ ಹೇಳಿ ಹೋದ. ಇಷ್ಟಕ್ಕೇ ಬೀಗರು ನೋಟ್‌ಬುಕ್ ತೆಗೆದರು. ನನ್ನ ಕಿವಿ ನೆಟ್ಟಗಾದದ್ದು ಮುಂದಿನ ಮಾತಿಗೆ: ಚಕ್ರವರ್ತಿ ಭಾಷಣ ಮಾಡಿದ್ದು ಫ್ರೆಂಚಿನಲ್ಲಿ. ನಾಲ್ಕನೆಯ ವರ್ಗದ ರೈತರು ಆ ಕಲ್ಲಿನ ನೆಲದ ಮೇಲೆ ನಿಂತು ಫ್ರೆಂಚ್ ಕೇಳಿದರು. ಏನು ಮಾಡಿದ್ದಾರು? ಆ ಹೊತ್ತಿನಿಂದ 1917ರ ತನಕ ಫಿನ್ಲೆಂಡ್ ರಷ್ಯದ ಕೆಳಗೆ ಸ್ವಾಯತ್ತ ಸಂಸ್ಥಾನವಾಗಿತ್ತು. ನಾನು ಅದೇ ನೆಲದ ಮೇಲೆ ನಿಂತು, ಹನ್ನೊಂದು ಗಂಟೆಯಿಂದ ಹೂಂಗುಟ್ಟಿ ನೋಯುತ್ತಿದ್ದ ಕತ್ತನ್ನು ಹಿಡಿದುಕೊಂಡು, ಆ ರೈತರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಯೋಹಾನ್ ಲುಡ್ವಿಗ್ ರೂನೆಬರಿ ಈ ಊರಿಗೆ 1837ರಲ್ಲಿ ಉಪನ್ಯಾಸಕನಾಗಿ ಬಂದ ರಾಷ್ಟ್ರಕವಿ. ಬರೆದದ್ದು ಸ್ವೀಡಿಶ್‌ನಲ್ಲಿ, ಫಿನ್ಲೆಂಡಿನ ರಾಷ್ಟ್ರಗೀತೆ ಅವನದು. 1863ರಲ್ಲಿ ಬೇಟೆಗೆ ಹೋದಾಗ ಲಕ್ವ ಹೊಡೆದು, ತೀರಿಕೊಳ್ಳುವ ತನಕ ಹದಿಮೂರು ವರ್ಷ ಹಾಸಿಗೆ ಹಿಡಿದ. ಹೆಂಡತಿ ಫ್ರೆಡ್ರಿಕಾ, ತಾನೇ ಕಾದಂಬರಿಗಾರ್ತಿ, ಅವನಿಗೆ ಓದಿ ಹೇಳುತ್ತಿದ್ದಳು. ಹದಿಮೂರು ವರ್ಷ ಹೂಂಗುಟ್ಟಿದ ಕವಿಯ ಮನೆ ಈಗ ಮ್ಯೂಸಿಯಂ. ಅವನ ಹೆಸರಿನ ತಿಂಡಿಯೂ ಇದೆ: ಬಾದಾಮಿ, ರಸ್ಕಿನ ಪುಡಿ ಹಾಕಿದ ಉರುಟು ಕೇಕು, ನೆತ್ತಿಯ ಮೇಲೆ ರಾಸ್‌ಬೆರಿ ಜಾಮು, ಸುತ್ತ ಸಕ್ಕರೆಯ ಬಳೆ. ದೇಶವೆಲ್ಲ ಅವನ ಹುಟ್ಟುಹಬ್ಬವಾದ ಫೆಬ್ರವರಿ 5ಕ್ಕೆ ತಿನ್ನುತ್ತದೆ, ಈ ಊರು ವರ್ಷವಿಡೀ ಮಾರುತ್ತದೆ. ನಮ್ಮಲ್ಲಿ ಕವಿಗಳಿಗೆ ರಸ್ತೆ, ಸರ್ಕಲ್ಲು, ಬಡಾವಣೆ ಎಲ್ಲ ಆಗಿದೆ, ತಿಂಡಿ ಮಾತ್ರ ಆಗಿಲ್ಲ. ಪರಿಷತ್ತು ಗಮನಿಸಬೇಕು. ನಾವು ಮಾತ್ರ ತಿನ್ನಲಿಲ್ಲ. ಮೊಟ್ಟೆಯ ಜೊತೆ ರಮ್ಮೂ ಇದೆಯೆಂದು ಗೈಡಮ್ಮ ಪ್ರಾಮಾಣಿಕವಾಗಿ ಹೇಳಿಬಿಟ್ಟಳು.

ಬದಲಿಗೆ ಕಾಫಿ ಅಂಗಡಿಯಲ್ಲಿ ಸುರುಳಿ ಬನ್ನು ತರಿಸಿದಳು. ಹೆಸರು ಕೊರ್ವಾಪೂಸ್ತಿ, ಅರ್ಥ ಕಪಾಳಮೋಕ್ಷ. “ಅದೂ ಏಕವಚನದಲ್ಲೇ ಇರಬೇಕು” ಎಂದರು ಬೀಗರು. ಮುರಿದರೆ ಒಳಗಿಂದ ಏಲಕ್ಕಿಯ ಘಮ. ಫಿನ್ನರು ಬನ್ನಿನ ಹಿಟ್ಟಿಗೆ ಏಲಕ್ಕಿ ಕುಟ್ಟಿ ಹಾಕುತ್ತಾರೆ. ಬೀಗಿತ್ತಿ ಮೊಟ್ಟೆಯ ವಿಚಾರಣೆಯನ್ನು ಕೈಬಿಟ್ಟು ಎರಡು ತಿಂದರು. ಗೈಡಮ್ಮನೂ ಬಾಯಿ ತುಂಬ ಬನ್ನು ಇಟ್ಟುಕೊಂಡಿದ್ದರಿಂದ ಹತ್ತು ನಿಮಿಷ ಯಾರೂ ಏನೂ ಹೇಳಲಿಲ್ಲ, ನಾನು ಹೂಂಗುಟ್ಟಲಿಲ್ಲ. ಗ್ರಂಥಾರಂಭದಲ್ಲಿ ಬಾಕಿ ಉಳಿಸಿದ್ದ ಪ್ರಯೋಜನ ಇದೇ.

ಆಮೇಲೆ ಆಕೆ ಗಡಿಯಾರ ನೋಡಿ “ನೋ ನೀನ್” ಎಂದು ಎದ್ದಳು. ‘ಸರಿ, ಇನ್ನು ಹೊರಡೋಣ’ ಎಂದರ್ಥ. ಬೀಗರು ಈ ಸಲ ಏನೂ ಅನ್ನದೆ ಎದ್ದರು.

ಮುಂದೆ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಒಂದು ಮಾಹಿತಿ. ಹೆಲ್ಸಿಂಕಿಯ ಕಾಂಪ್ಪಿ ನಿಲ್ದಾಣದಿಂದ ಪೋರ್ವೋಗೆ ಬಸ್ಸಿದೆ, ಸುಮಾರು ಒಂದು ಗಂಟೆಯ ದಾರಿ. ಫಿನ್ನರು ಬಸ್ಸಿನಲ್ಲಿ ಪಕ್ಕದವರನ್ನು ಮಾತಾಡಿಸುವುದಿಲ್ಲ.