ಬಿಳಿ ಸಲಾಯಿನ್ ಬೇಡುವ ಕಾಕಾರಿಗೆ

ಕಲ್ಲೋಳಿಯಿಂದ ಗೋಕಾಕಕ್ಕೆ, ಗೋಕಾಕದಿಂದ ಬೆಳಗಾವಿಗೆ ರೋಗಿಯ ಬೆನ್ನಿಗೆ ಹೋಗಿ ಐಸಿಯು ಬಾಗಿಲಲ್ಲಿ ಬೀಡುಬಿಡುವ ಸಕಲ ಕಾಕಾರಿಗೂ ಶರಣು.

ನಿಮ್ಮ ಬೇಡಿಕೆ ಡಾಕ್ಟರರಿಗೆ ಬಾಯಿಪಾಠವಾಗಿದೆ: “ನೀರಿನಂಥಾ ಸಲಾಯಿನ್ ಎಷ್ಟ ಹಚ್ಚತೀರಿ ಸಾಹೇಬ್ರ, ಆ ಹಾಲಿನಂಥಾ ಬಿಳೀದ ಹಚ್ಚರಿ, ಹುಡುಗ ತ್ರಾಣ ಹಿಡೀತಾನ.” ಶನಿವಾರ ಹಣಮಂತ ದೇವರಿಗೆ ಎಣ್ಣೆ ಎರೆಯುವ ಊರಿನವರು ನಾವು, ಎಣ್ಣೆಗೂ ಬಲಕ್ಕೂ ಇರುವ ನಂಟನ್ನು ನಮಗೆ ಯಾವ ಮೆಡಿಕಲ್ ಕಾಲೇಜೂ ಕಲಿಸಬೇಕಾಗಿಲ್ಲ. ಲೆಕ್ಕವೂ ನಿಮ್ಮ ಕಡೆಗೇ ಇದೆ. ಶೇ 20ರ ಆ ಬಿಳಿ ದ್ರವದ ಒಂದು ಮಿಲಿಲೀಟರಿನಲ್ಲಿ 2 ಕ್ಯಾಲೊರಿ. ಶೇ 5ರ ಗ್ಲೂಕೋಸಿನಲ್ಲಿ 0.2 ಕೂಡ ಇಲ್ಲ.

ಒಳಗೇನಿದೆ ಎಂದು ನೀವು ಕೇಳದಿದ್ದದ್ದು ಒಳ್ಳೆಯದೇ ಆಯಿತು. ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ 1960ರ ದಶಕದ ಆರಂಭದಲ್ಲಿ ಬಳಕೆಗೆ ತಂದ ಬಾಟಲಿಯಲ್ಲಿದ್ದದ್ದು ಸೋಯಾ ಎಣ್ಣೆ. ಅದು ನೀರಿನಿಂದ ಬೇರೆಯಾಗದಂತೆ ಹಿಡಿದಿಡಲು ತತ್ತಿಯ ಹಳದಿಯಿಂದ ತೆಗೆದ ಫಾಸ್ಫೋಲಿಪಿಡ್. ಇಂದಿಗೂ ಹಾಗೆಯೇ. ಹೊಸ್ತಿಲೊಳಗೆ ತತ್ತಿ ಬಿಡದವರು, ರಕ್ತನಾಳದೊಳಗೆ ಬಿಡಿ ಎಂದು ನರ್ಸಮ್ಮನ ಜೊತೆ ಜಗಳಕ್ಕೆ ನಿಲ್ಲುವ ನಿಮ್ಮ ಔದಾರ್ಯ ದೊಡ್ಡದು.

ಇನ್ನು ರೋಗ. “ರಕ್ತದಾಗ ನಂಜ ಏರೇತಿ” ಅನ್ನುತ್ತೀರಿ, ಅರ್ಧ ನಿಜ. ಸೆಪ್ಸಿಸ್‌ನಲ್ಲಿ ಸೋಂಕಿಗೆ ಎದುರಾಗಿ ಎದ್ದ ದೇಹದ ಪ್ರತಿರೋಧವೇ ಹದ್ದು ಮೀರಿ ತನ್ನ ಶ್ವಾಸಕೋಶ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಇಂಥ ಹೊತ್ತಿನಲ್ಲಿ ಎಣ್ಣೆ ಬರೀ ತ್ರಾಣವಾಗಿ ಉಳಿಯುವುದಿಲ್ಲ. ಸೋಯಾ ಎಣ್ಣೆಯ ಹೆಚ್ಚುಕಮ್ಮಿ ಅರ್ಧ ಭಾಗ ಲಿನೋಲಿಕ್ ಆಮ್ಲ, ಅಂದರೆ ಒಮೆಗಾ-6. ದೇಹ ಅದರಿಂದ ಅರಾಕಿಡೋನಿಕ್ ಆಮ್ಲವನ್ನೂ, ಅದರಿಂದ ಉರಿಯೂತ ಏರಿಸುವ ಪ್ರೋಸ್ಟಗ್ಲಾಂಡಿನ್, ಲ್ಯೂಕೋಟ್ರೈಯೀನ್‌ಗಳನ್ನೂ ಮಾಡಬಲ್ಲದು. ಮೇಲಾಗಿ, ನಂಜೇರಿದ ದೇಹಕ್ಕೆ ರಕ್ತದೊಳಗಿನ ಕೊಬ್ಬನ್ನು ಬಳಸಿಕೊಳ್ಳುವ ಶಕ್ತಿಯೇ ಕುಂದಿರುತ್ತದೆ. ಸುರಿದಷ್ಟೂ ಟ್ರೈಗ್ಲಿಸರೈಡ್ ಏರಿ ಕೂಡುತ್ತದೆ. ಅದಕ್ಕೇ ದೇಹತೂಕದ ಕಿಲೋಗೆ ದಿನಕ್ಕೆ 1.5 ಗ್ರಾಂ ಮೀರಬೇಡಿ ಎಂಬ ಕಟ್ಟು.

ಮೊಬೈಲು ಓದುವ ಕಾಕಾರು ಈಗ “ಹಂಗಾದ್ರ ಮೀನೆಣ್ಣೀದ ಹಾಕ್ರಿ” ಅಂದಾರು. ಅದೂ ಇದೆ, ಸೋಯಾ, ಆಲಿವ್, ಮೀನೆಣ್ಣೆ ಕೂಡಿಸಿದ ಬಾಟಲಿಗಳಿವೆ. ಮೀನೆಣ್ಣೆಯ ಒಮೆಗಾ-3ರಿಂದ ಹುಟ್ಟುವ ವಸ್ತುಗಳು ಸೌಮ್ಯ. ಆದರೆ ಪ್ರಯೋಗಾಲಯದಲ್ಲಿ ಗೆದ್ದದ್ದೆಲ್ಲ ವಾರ್ಡಿನಲ್ಲಿ ಗೆಲ್ಲುವುದಿಲ್ಲ. ಪ್ರತಿರೋಧ ಹೆಚ್ಚಿಸುವ ಪೂರಕವೆಂದು ಸೆಪ್ಸಿಸ್ ರೋಗಿಗೆ ಒಮೆಗಾ-3 ಕೊಡಬೇಡಿ ಎಂದೇ 2016ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ಹೇಳಿತು.

ನಿಮಗೆ ಇನ್ನೂ ಕಹಿಯಾದದ್ದು ಬೆಲ್ಜಿಯಂನಿಂದ ಬಂತು. ಅಲ್ಲಿ 4,640 ಐಸಿಯು ರೋಗಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತನಾಳದ ಮೂಲಕ ಕೊಡುವ ಪೋಷಣೆಯನ್ನು ಎಂಟನೇ ದಿನದವರೆಗೆ ತಡೆಹಿಡಿದವರಿಗೇ ಹೊಸ ಸೋಂಕು ಕಡಿಮೆ. ಕರುಳು ಕತ್ತರಿಸಿದವರಿಗೆ, ಕರುಳು ಕೆಲಸ ನಿಲ್ಲಿಸಿದವರಿಗೆ ಆ ಬಾಟಲಿ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಉಳಿದವರಿಗೆ ಮೂಗಿನಿಂದ ಹೊಟ್ಟೆಗೆ ಇಳಿಬಿಟ್ಟ ನಳಿಗೆಯೇ ಮೊದಲು. ನೋಡಲು ಚೆಂದವಿಲ್ಲ, ಬಂದ ಬೀಗರಿಗೆ ತೋರಿಸಲು ಬರುವಂಥದ್ದೂ ಅಲ್ಲ.

ಆದರೂ ನಿರಾಶರಾಗಬೇಡಿ. ವೆಂಟಿಲೇಟರ್ ಹಚ್ಚಿದವರನ್ನು ನಿದ್ದೆಯಲ್ಲಿಡಲು ಪ್ರೊಪೊಫಾಲ್ ಎಂಬ ಔಷಧಿ ಕೊಡುವುದುಂಟು. ಅದೂ ಬಿಳಿಯೇ, ಅದರಲ್ಲೂ ಹೆಚ್ಚಾಗಿ ಶೇ 10 ಸೋಯಾ ಎಣ್ಣೆ, ಮಿಲಿಲೀಟರಿಗೆ 1.1 ಕ್ಯಾಲೊರಿ. ನಿಮ್ಮ ಹುಡುಗನಿಗೆ ಅದು ಹತ್ತಿದ್ದರೆ, ನೀವು ಹೊರಗೆ ಕೂಗಾಡುತ್ತಿದ್ದಾಗಲೇ ಒಳಗೆ ಎಣ್ಣೆ ಹೋಗುತ್ತಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿದೇ ಡಯಟೀಶಿಯನ್ ಊಟ ಕಡಿಮೆ ಬರೆದದ್ದು. ನೀವು ಬೈದದ್ದು ಅವರನ್ನೇ.

ಬರುವಾಗ ಗೋಕಾಕಿನಲ್ಲಿ ಕಟ್ಟಿಸಿ ತಂದ ಕರದಂಟನ್ನು ಐಸಿಯು ಒಳಗೆ ಬಿಡುವುದಿಲ್ಲ. ಹೊರಗೆ ಕೂತು ನೀವೇ ತಿನ್ನಿರಿ, ವಾಚಮನ್ನನಿಗೂ ಒಂದು ಕೊಡಿರಿ.

ಇಂತಿ ನಿಮ್ಮ,
ಕಲ್ಲೋಳಿಯ ಒಬ್ಬ