ಮೀಟರ್ ಮೀಮಾಂಸೆ, ಅಥವಾ ಹಳೇ ಟಿಪ್ಪರಿನ ಪ್ರಮಾಣ ವಿಚಾರ

ಅಥಾತೋ ಎಂಜಿನ್ ಜಿಜ್ಞಾಸಾ.

ಶಾಸ್ತ್ರಾರಂಭಕ್ಕೆ ಮುನ್ನ ಅನುಬಂಧ ಚತುಷ್ಟಯ ಹೇಳುವುದು ಸಂಪ್ರದಾಯ. ಅಧಿಕಾರಿ: ಜೇಬಿನಲ್ಲಿ ಅಡ್ವಾನ್ಸು, ತಲೆಯಲ್ಲಿ ಅನುಮಾನ ಎರಡೂ ಇರುವವನು. ವಿಷಯ: ಎಂಜಿನ್ನಿನ ಸವೆತ. ಸಂಬಂಧ: ಏಜೆಂಟನದು, ಕಮಿಷನ್ ರೂಪದಲ್ಲಿ. ಪ್ರಯೋಜನ: ಗಾಡಿ ತಂದ ಮೂರನೇ ತಿಂಗಳಿಗೆ ಬೋರ್ ಕೆಲಸಕ್ಕೆ ಸಾಲ ಮಾಡದೆ ಉಳಿಯುವುದು.

ಇನ್ನು ಪೂರ್ವಪಕ್ಷ. ಕೆಲಗೇರಿಯ ಗೋವಾ ರಸ್ತೆಯ ಪಕ್ಕ ನಿಂತ ಕೆಎ-25 ಟಿಪ್ಪರಿನ ಡ್ಯಾಶ್‌ಬೋರ್ಡನ್ನು ಅರಿವೆಯಿಂದ ಒರೆಸುತ್ತ ಪೂರ್ವಪಕ್ಷಿ ಹೀಗೆ ಮಂಡಿಸುತ್ತಾನೆ: "ನೋಡ್ರಿ ಸರ, ಬರೇ ತೊಂಬತ್ತ ಸಾವಿರ ಓಡೇತಿ. ಒಂದ ಕೈ ಗಾಡಿ. ಎಂಜಿನ್ನಿಗೆ ಪಾನಾ ಸುದ್ದಾ ಹಚ್ಚಿಲ್ರಿ." ಇದಕ್ಕೆ ದೇಶವಾದವೆಂದು ಹೆಸರು. ಗಾಡಿ ಎಷ್ಟು ದೂರ ಹೋಗಿದೆಯೋ ಅಷ್ಟೇ ಸವೆದಿದೆ, ನಿಂತಾಗ ಸವೆಯುವುದಿಲ್ಲ ಎಂಬುದು ಇದರ ಸಾರ. ಕಾಲವಾದಿಗಳು ಒಪ್ಪುವುದಿಲ್ಲ. ಜೆಸಿಬಿ, ಟ್ರ್ಯಾಕ್ಟರುಗಳ ಮಾಲೀಕರೆಲ್ಲ ಹುಟ್ಟಾ ಕಾಲವಾದಿಗಳು. ಆಯಿಲ್ ಬದಲಿಯನ್ನೂ ಗಂಟೆಯ ಲೆಕ್ಕದಲ್ಲೇ ಮಾಡುವವರು. "ನಿಮ್ಮ ಜೆಸಿಬಿ ಎಷ್ಟು ಕಿಲೋಮೀಟರ್ ಓಡೇತ್ರಿ" ಎಂದು ಅವರನ್ನು ಕೇಳಿದವನಿಗೆ ಚಹಾ ಸಿಗುವುದಿಲ್ಲ.

ಗಣಿತ ನೋಡೋಣ. ಎರಡು ಗಾಡಿ, ಎರಡರ ಮೀಟರೂ 90,000. ಮೊದಲನೆಯದು ಹೆದ್ದಾರಿಯಲ್ಲಿ ಸರಾಸರಿ ಗಂಟೆಗೆ 45 ಕಿ.ಮೀ. ಓಡಿದ್ದು, ಎಂಜಿನ್ ದುಡಿದದ್ದು 2,000 ಗಂಟೆ. ಎರಡನೆಯದು ಕಾಂಕ್ರೀಟ್ ಮಿಕ್ಸರ್. ಸೈಟಿನಲ್ಲಿ ಗೌಂಡಿ ಊಟ ಮುಗಿಸುವವರೆಗೂ ಡ್ರಮ್ ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಒಳಗಿನ ಮಾಲು ಕಲ್ಲಾಗುತ್ತದೆ. ಅದರ ಸರಾಸರಿ 15 ಎಂದಿಟ್ಟರೆ 6,000 ಗಂಟೆ. ಮೀಟರ್ ಒಂದೇ, ಆಯುಷ್ಯ ಮೂರು ಪಟ್ಟು ಖರ್ಚು. ಅಮೆರಿಕದ ಫೋರ್ಡ್ ಕಂಪನಿ ತನ್ನ ಪೊಲೀಸ್ ಗಾಡಿಗಳಿಗೆ ನಿಂತಲ್ಲೇ ಉರಿದ 1 ಗಂಟೆಯನ್ನು ಸುಮಾರು 53 ಕಿ.ಮೀ. ಎಂದು ಹಿಡಿಯುತ್ತದೆ. ನಿಂತು ಉರಿಯುವ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಪೂರ್ತಿ ಸುಡದ ಡೀಸೆಲ್ ಲೈನರಿನ ಮೇಲಿನ ಎಣ್ಣೆಪದರವನ್ನು ತೊಳೆಯುತ್ತದೆ, ಮಸಿ ಆಯಿಲ್‌ಗೆ ಇಳಿಯುತ್ತದೆ.

ಹಾಗೆಂದು ಕಾಲವಾದಿಗೆ ಶಾಲು ಹೊದಿಸುವಂತಿಲ್ಲ. ಲೋಡು ಹೊತ್ತು ಘಾಟಿ ಏರಿದ ಗಂಟೆಯೂ ನೆರಳಲ್ಲಿ ನಿಂತು ಗುರುಗುಟ್ಟಿದ ಗಂಟೆಯೂ ಅವನ ಲೆಕ್ಕದಲ್ಲಿ ಒಂದೇ. ಸಾಲದ್ದಕ್ಕೆ ಕೇಬಲ್ಲಿನಿಂದ ನಡೆಯುವ ಹಳೇ ಟ್ರ್ಯಾಕ್ಟರ್ ಮೀಟರ್ ಎಣಿಸುವುದು ಎಂಜಿನ್ನಿನ ಸುತ್ತುಗಳನ್ನು. ನಿಗದಿತ ವೇಗದಲ್ಲಿ ತಿರುಗಿದಾಗ ಮಾತ್ರ ಅದರ ಗಂಟೆಗೆ 60 ನಿಮಿಷ. ನಿಧಾನಕ್ಕೆ ತಿರುಗಿದರೆ ಗೋಡೆಯ ಗಡಿಯಾರಕ್ಕಿಂತ ಹಿಂದೆ ಬೀಳುತ್ತದೆ. ಕಾಲ ಸಾಪೇಕ್ಷವೆಂಬುದನ್ನು ನಮ್ಮ ರೈತರಿಗೆ ಐನ್‌ಸ್ಟೈನ್ ಬಂದು ಹೇಳಬೇಕಿರಲಿಲ್ಲ.

ಆದ್ದರಿಂದ ಭಾಟ್ಟ ಮೀಮಾಂಸಕರ ಆರು ಪ್ರಮಾಣಗಳಿಗೆ ಶರಣು. ಶಬ್ದ ಎಂದರೆ ಏಜೆಂಟನ ಮಾತು, ಆಪ್ತವಾಕ್ಯವಲ್ಲ, ತ್ಯಾಜ್ಯ. ಉಪಮಾನ ಎಂದರೆ "ನಮ್ಮ ಮಾವಂದೂ ಇದೇ ಮಾಡೆಲ್", ಇದೂ ತ್ಯಾಜ್ಯ. ಅನುಮಾನಕ್ಕೆ ಬೆಟ್ಟದ ಮೇಲಿನ ಹೊಗೆಯೇ ಬೇಕಿಲ್ಲ, ಸೈಲೆನ್ಸರ್ ಸಾಕು: ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಅನುಪಲಬ್ಧಿ ಎಂದರೆ ಮೀಟರ್ ಕೇಬಲ್ಲೇ ಇಲ್ಲದಿರುವುದು. ಅದಕ್ಕೆ ವ್ಯಾಖ್ಯಾನ ಬೇಡ.

ಅರ್ಥಾಪತ್ತಿಯ ಮುಂದೆ ಮಾತ್ರ ಕೈಮುಗಿದು ನಿಲ್ಲಬೇಕು. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಅಂದರೆ ರಾತ್ರಿ ಉಣ್ಣುತ್ತಾನೆ. ಹಾಗೆಯೇ ಮೀಟರ್ 90,000, ಆದರೆ ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿ ಒಳಗಿನ ಕಬ್ಬಿಣ ಕಾಣುತ್ತಿದೆ, ಸ್ಟೇರಿಂಗಿನ ಗೆರೆಗಳು ಅಳಿಸಿವೆ. ದೇವದತ್ತ ಎಲ್ಲೋ ಉಂಡಿದ್ದಾನೆ. ಒಂದೋ ಗಾಡಿ ನಿಂತು ನಿಂತು ಹೊರಟು ದುಡಿದಿದೆ, ಇಲ್ಲವೇ ಯಾರೋ ಮೀಟರ್ ತಿರುವಿದ್ದಾರೆ.

ಉಳಿದದ್ದು ಪ್ರತ್ಯಕ್ಷ. ಮುಂಜಾನೆ, ಹೇಳದೆ ಕೇಳದೆ ಹೋಗಿ. ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಯಾರೋ ಸುಪ್ರಭಾತ ಹಾಡಿದ್ದಾರೆಂದು ಅರ್ಥ. ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ಕಾದ ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ. ಅಲ್ಲಿಂದ ಹೊಗೆ ಬುಸುಬುಸು ಎದ್ದು ಆಯಿಲ್ ಹನಿ ಅಂಗಿಗೆ ಸಿಡಿದರೆ ಅದಕ್ಕೆ ಮಿಸ್ತ್ರಿಗಳು ಬ್ಯಾಕ್ ಕಂಪ್ರೆಶನ್ ಎನ್ನುತ್ತಾರೆ. ರಿಂಗು, ಲೈನರ್ ಮುಗಿದಿವೆ.

ಸಿದ್ಧಾಂತ: ಎಂಜಿನ್ ಎಷ್ಟು ದುಡಿದಿದೆ ಎಂಬುದಕ್ಕೆ ದೂರಕ್ಕಿಂತ ಗಂಟೆ ಮೇಲು, ಗಂಟೆಗಿಂತ ಒಟ್ಟು ಕುಡಿದ ಡೀಸೆಲ್ ಮೇಲು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳ ಎಂಜಿನ್ ನಡೆಸುವುದು ಕಂಪ್ಯೂಟರ್. ಎಷ್ಟೋ ಗಾಡಿಗಳಲ್ಲಿ ಓಡಿದ ಗಂಟೆ, ನಿಂತು ಉರಿದ ಗಂಟೆ, ಕುಡಿದ ಲೀಟರ್ ಎಲ್ಲವನ್ನೂ ಅದು ಬರೆದಿಟ್ಟುಕೊಂಡಿರುತ್ತದೆ. ನಿಮ್ಮದೇ ಮಿಸ್ತ್ರಿಯನ್ನು ಕರೆದೊಯ್ದು ಸ್ಕ್ಯಾನರ್ ಹಚ್ಚಿಸಿ. ಹಚ್ಚಲು ಬಿಡದವನಿಗೆ ಅಡ್ವಾನ್ಸ್ ಕೊಡಬೇಡಿ.