ಸೊನ್ನೆಯಲ್ಲಿ ಉಳಿತಾಯ ಎಷ್ಟು?

ಕರ್ನಾಟಕದ ಮನೆ ಯಜಮಾನನಿಗೆ ಪುಕ್ಕಟೆ ಕರೆಂಟು ಕೊಡಲು ಈಗ ಮೂವರು ಕ್ಯೂ ನಿಂತಿದ್ದಾರೆ. 2023ರ ಜುಲೈನಿಂದ ರಾಜ್ಯ ಸರ್ಕಾರ ಗೃಹಜ್ಯೋತಿಯ ಹೆಸರಲ್ಲಿ 200 ಯೂನಿಟ್‌ವರೆಗೆ ಕೊಡುತ್ತಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದು, ತಾರಸಿಗೆ ಪ್ಯಾನೆಲ್ ಹಾಕಿಸಿಕೊಳ್ಳಿ, 300 ಯೂನಿಟ್ ಪುಕ್ಕಟೆ ಎಂದಿತು. ಮೂರನೆಯವನು ಸೂರ್ಯ. ಪ್ರಣಾಳಿಕೆ ಬಿಡುಗಡೆ ಮಾಡದೆ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸದೆ ಮೊದಲಿಂದಲೂ ಕೊಡುತ್ತಾ ಬಂದವನು. ಹಾಗಾಗಿಯೇ ಅವನ ಮೇಲೆ ಯಾರಿಗೂ ಭರವಸೆ ಸಾಲದು.

ನಮ್ಮ ಬಡಾವಣೆಯ ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಮಗಳ ಮದುವೆಗೆ ಛತ್ರದ ಬಾಡಿಗೆ ಕೇಳಿ, ಮರುಮಾತಾಡದೆ ಅಡ್ವಾನ್ಸ್ ಕೊಟ್ಟು ಬಂದವರು. ಸೋಲಾರ್ ವಿಷಯ ಬಂದರೆ ಮಾತ್ರ ಎಕ್ಸೆಲ್ ಶೀಟ್ ತೆಗೆಯುತ್ತಾರೆ. ಮೊನ್ನೆ ಅವರ ಮನೆ ಜಗಲಿಗೆ ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡ ಹುಡುಗನೊಬ್ಬ ಬಂದಿದ್ದ.

"ಮೂರು ಕಿಲೋವ್ಯಾಟ್ ಹಾಕ್ಸಿ ಸಾರ್. ಸಬ್ಸಿಡಿ 78 ಸಾವಿರ ನಿಮ್ ಅಕೌಂಟಿಗೇ ಬೀಳುತ್ತೆ. ನಾಲ್ಕೈದು ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಪ್ಯಾನೆಲ್‌ಗೆ 25 ವರ್ಷ ವಾರಂಟಿ."

"ನಿಮ್ ಕಂಪ್ನಿಗೆ ಎಷ್ಟು ವರ್ಷ ಆಯ್ತಪ್ಪ?"

"ಎರಡು, ಸಾರ್." ಹುಡುಗ ತಡಮಾಡದೆ ಮಾತು ತಿರುಗಿಸಿದ. "ಈಗ ತಿಂಗಳಿಗೆ ಬಿಲ್ ಎಷ್ಟು ಬರುತ್ತೆ ಹೇಳಿ, ಲೆಕ್ಕ ಹಾಕ್ಬಿಡೋಣ."

"ಸೊನ್ನೆ."

ಹುಡುಗ ಖರ್ಚನ್ನು ಉಳಿತಾಯದಿಂದ ಭಾಗಿಸಿದ. ಮೊಬೈಲಿನ ಕ್ಯಾಲ್ಕುಲೇಟರ್ ಕೈಚೆಲ್ಲಿತು.

ಆ ಹುಡುಗನ ಲೆಕ್ಕದಲ್ಲಿ ಸುಳ್ಳೇನೂ ಇರಲಿಲ್ಲ. ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟ್ ಎಂದರೆ ತಿಂಗಳಿಗೆ ಸುಮಾರು 350 ಯೂನಿಟ್. ಯೂನಿಟ್‌ಗೆ ಹತ್ತಿರ ಹತ್ತಿರ ಆರು ರೂಪಾಯಿ ಹಿಡಿದರೆ ವರ್ಷಕ್ಕೆ 25 ಸಾವಿರ ಉಳಿತಾಯ. ಎರಡು ಲಕ್ಷದ ಆಸುಪಾಸಿನ ಖರ್ಚಿನಲ್ಲಿ ಸಬ್ಸಿಡಿ ಕಳೆದರೆ, ಐದು ವರ್ಷಕ್ಕೆ ಅಸಲು ಕೈಗೆ. ಯಾವ ಎಫ್‌ಡಿಯೂ ಇಷ್ಟು ಕೊಡುವುದಿಲ್ಲ. ಆದರೆ ಷರತ್ತು ಒಂದಿದೆ: ಆ 350 ಯೂನಿಟ್ ಸುಡುವ ಮನೆ ನಿಮ್ಮದಾಗಿರಬೇಕು.

ರಾಯರ ಮನೆಯಲ್ಲಿ ಇರುವವರು ಇಬ್ಬರೇ. ಹಾಲ್‌ನಲ್ಲಿ ಕೂತಾಗ ಬೆಡ್‌ರೂಮಿನ ಲೈಟು ಆರಿಸುವ ಜನ. ಬಳಕೆ ನೂರು ಚಿಲ್ಲರೆ ಯೂನಿಟ್, ಅಷ್ಟೂ ಗೃಹಜ್ಯೋತಿಯ ಖಾತೆಗೆ. ಇನ್ನು ಮಿಕ್ಕಿದ್ದನ್ನು ಗ್ರಿಡ್ಡಿಗೆ ಮಾರಿ ಲಾಭ ಮಾಡೋಣವೆಂದರೆ, ಆ ಬಂಡಿ ಹೊರಟು ವರ್ಷಗಳಾದವು. 2013ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ತಾರಸಿಯ ಸೌರ ವಿದ್ಯುತ್ತಿಗೆ ಸಬ್ಸಿಡಿ ಪಡೆಯದವರಿಗೆ ಯೂನಿಟ್‌ಗೆ 9.56 ರೂಪಾಯಿ ದರ ಕಟ್ಟಿತ್ತು. ಆಗ ರಾಯರು, "ಪ್ಯಾನೆಲ್ ರೇಟ್ ಇಳೀಲಿ, ನೋಡೋಣ" ಅಂದರು. ಪ್ಯಾನೆಲ್ ರೇಟು ಇಳಿಯಿತು. ಜೊತೆಗೆ ಕೊಳ್ಳುವ ರೇಟೂ ಇಳಿಯಿತು.

ತಾರಸಿಯ ರಾಜಕೀಯ ಬೇರೆಯೇ. ಮೂರು ಕಿಲೋವ್ಯಾಟ್‌ಗೆ ಸುಮಾರು 300 ಚದರ ಅಡಿ ಬೇಕು. ಮೂವತ್ತು ನಲವತ್ತರ ಸೈಟಿನ ತಾರಸಿಯಲ್ಲಿ ಸಿಂಟೆಕ್ಸ್ ಟ್ಯಾಂಕು, ಬಿಸಿನೀರಿನ ಸೋಲಾರ್, ಬಟ್ಟೆ ತಂತಿ ಬಿಟ್ಟರೆ ಉಳಿಯುವ ಜಾಗ ರಾಯರ ಹೆಂಡತಿಯ ಸುಪರ್ದಿಯಲ್ಲಿದೆ. "ಸಂಡಿಗೆ ಎಲ್ಲಿ ಒಣಗ್ಸೋದು?" ಎಂಬ ಆಕೆಯ ಪ್ರಶ್ನೆಗೆ ಯಾವ ಕಂಪನಿಯ ಬ್ರೋಷರ್‌ನಲ್ಲೂ ಉತ್ತರವಿಲ್ಲ. ಸಬ್ಸಿಡಿಯಿಲ್ಲದೆ, ಮೀಟರಿಲ್ಲದೆ ಆ ತಾರಸಿಯಲ್ಲಿ ಈಗಾಗಲೇ ನಡೆಯುತ್ತಿರುವ ಸೌರ ಉದ್ಯಮ ಅದೊಂದೇ. ಪಕ್ಕದ ಸೈಟಿನಲ್ಲಿ ಎರಡು ಅಂತಸ್ತಿಗೆ ಪ್ಲಾನ್ ಪಡೆದ ಮನೆ ಐದನೆಯದಕ್ಕೆ ಏರಿದೆ. ಮಧ್ಯಾಹ್ನ ಮೂರರ ಮೇಲೆ ರಾಯರ ಪಾಲಿನ ಬಿಸಿಲೂ ಅದಕ್ಕೇ ಒತ್ತುವರಿ.

ಇಷ್ಟರ ಮೇಲೂ ಹಾಕಿಸಿದವರಿಗೆ ಬೇಸಿಗೆಯಲ್ಲಿ ಇನ್ನೊಂದು ಜ್ಞಾನೋದಯ ಕಾದಿದೆ. ನಡುಮಧ್ಯಾಹ್ನ, ತಲೆ ಸುಡುವ ಬಿಸಿಲು, ಮೇಲೆ ಹೊಸ ಪ್ಯಾನೆಲ್‌ಗಳು ಫಳಫಳ. ಲೈನ್ ಹೋಯಿತು. ಮನೆಯ ಫ್ಯಾನೂ ನಿಂತಿತು! ಗ್ರಿಡ್ಡಿಗೆ ಜೋಡಿಸಿದ ಸೋಲಾರ್, ಗ್ರಿಡ್ ಸತ್ತರೆ ತಾನೂ ಮಲಗುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯದಿರಲಿ ಎಂಬ ವ್ಯವಸ್ಥೆ ಅದು, ನ್ಯಾಯವಾದದ್ದೇ. ಕರೆಂಟು ಹೋದಾಗಲೂ ಫ್ಯಾನ್ ತಿರುಗಬೇಕೆಂದರೆ ಬ್ಯಾಟರಿ ಬೇಕು, ಅದಕ್ಕೆ ಬೇರೆ ದುಡ್ಡು. ಎಕ್ಸೆಲ್ ಶೀಟಿಗೆ ಮತ್ತೊಂದು ಕಾಲಂ.

ಹಾಗಂತ ನಮ್ಮ ರಾಜ್ಯಕ್ಕೆ ಬಿಸಿಲು ಹಿಡಿಯಲು ಬಾರದು ಎನ್ನುವಂತಿಲ್ಲ. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿದೆ. ಬರಗಾಲದ ಸೀಮೆಯ ರೈತರ ಹೊಲಗಳನ್ನು ಗುತ್ತಿಗೆಗೆ ಪಡೆದು ಕಟ್ಟಿದ್ದು. ಹಳ್ಳಿಯ ಹೊಲದ ಮೇಲೆ ನಮಗೆ ಬಲು ಬೇಗ ಸೂರ್ಯೋದಯವಾಗುತ್ತದೆ. ಖಾಲಿ ಬಿದ್ದಿರುವ ಪೇಟೆಯ ತಾರಸಿಗಳ ಮೇಲೆ ಮಾತ್ರ ಸಮೀಕ್ಷೆ, ಪೋರ್ಟಲ್, ಅಭಿಯಾನ.

ಅಭಿಯಾನ ನಡೆಸಬೇಕಾದವರಾದರೂ ಯಾರು? ಕರೆಂಟು ಹಂಚುವ ಕಂಪನಿಗಳಾದ ಎಸ್ಕಾಂಗಳು. ಅವಕ್ಕೆ ಸೊನ್ನೆ ಬಿಲ್ಲಿನ ಗ್ರಾಹಕನ ದುಡ್ಡು ಸರ್ಕಾರದ ಖಜಾನೆಯಿಂದ ಬರಬೇಕು. ತಿಂಗಳು ತಿಂಗಳು ಗಟ್ಟಿ ಬಿಲ್ ಕಟ್ಟುವವನು ಎರಡು ಎಸಿ, ಗೀಸರ್ ಇರುವ ಗ್ರಾಹಕ. ಸೋಲಾರ್ ಲಾಭವಾಗುವುದು ಅವನಿಗೇ. ಅವನೇ ಎದ್ದು ಹೋಗಲೆಂದು ಎಸ್ಕಾಂ ಮುಂದೆ ನಿಂತು ಮೀಟರ್ ಬದಲಿಸಿಕೊಡಬೇಕು. ಅಂಗಡಿಯವನೇ ಒಳ್ಳೆಯ ಗಿರಾಕಿಯ ಕೈಹಿಡಿದು ಎದುರು ಅಂಗಡಿ ಹತ್ತಿಸಬೇಕೆಂದರೆ ಹೆಜ್ಜೆ ಎಷ್ಟು ಬಿರುಸಾಗಿ ಬಿದ್ದೀತು?

ಹಾಗಾದರೆ ಸೋಲಾರ್ ಹಾಕಿಸಬೇಕೋ ಬೇಡವೋ? ಉತ್ತರ ನಿಮ್ಮ ಬಿಲ್ಲಿನಲ್ಲೇ ಇದೆ. ತಿಂಗಳಿಗೆ 200 ಯೂನಿಟ್ ದಾಟಿ, ಅಷ್ಟಕ್ಕೂ ಪೂರ್ತಿ ದುಡ್ಡು ತೆರುತ್ತಿದ್ದೀರಾ, ತಾರಸಿಗೆ ನೆರಳು ಬೀಳುವುದಿಲ್ಲವೇ, ಹಾಗಿದ್ದರೆ ಎಕ್ಸೆಲ್ ಮುಚ್ಚಿ ಇವತ್ತೇ ಹಾಕಿಸಿ. ರಾಯರ ಹಾಗೆ ಲೈಟು ಆರಿಸುತ್ತಾ ನೂರು ಯೂನಿಟ್‌ನಲ್ಲಿ ಸಂಸಾರ ಮಾಡುವವರಾದರೆ, ಕ್ಷಮಿಸಿ, ಸೂರ್ಯನನ್ನು ಮನೆಗೆ ಕರೆಯುವ ಅರ್ಹತೆ ನಿಮಗಿನ್ನೂ ಬಂದಿಲ್ಲ. ಮೊದಲು ಎರಡು ಎಸಿ ಕೊಂಡು ಹಗಲೂ ರಾತ್ರಿ ಓಡಿಸಿ. ಆಮೇಲೆ ಪರಿಸರ ಉಳಿಸಲು ಅರ್ಜಿ ಹಾಕಬಹುದು. ಸರ್ಕಾರ 78 ಸಾವಿರ ಕೊಟ್ಟು ನಿಮ್ಮನ್ನು ಸನ್ಮಾನಿಸುತ್ತದೆ.